ಸ್ವಮನ್ನಣೆಯ ಸಂಸ್ಕೃತಿಯೂ ತರುಣರ ಸ್ವಮೋಹವೂ: ಕ್ರೈಸ್ತ ದೃಷ್ಟಿಯಿಂದ ಒಂದು ವಿವೇಚನೆ

ಇಂಗ್ಲಿಷಿನ 'ಸೆಲ್ಫ್-ಎಸ್ಟೀಮ್' ಎಂಬ ಮಾತಿಗೆ ಕನ್ನಡದಲ್ಲಿ ಸಮಾನಪದವನ್ನು ಗೊತ್ತುಪಡಿಸುವುದು ತೋರುವಷ್ಟು ಸುಲಭವಲ್ಲ. 'ಸ್ವಾಭಿಮಾನ'ವೆಂದರೆ ಪರರ ಮುಂದೆ ತಲೆಬಾಗದ ದಿಟ್ಟತನದ ಅರ್ಥ ಬರುತ್ತದೆ. 'ಆತ್ಮಗೌರವ'ವು ನಡತೆಯಲ್ಲಿ ಕಾಣಬೇಕಾದ ಒಂದು ಘನತೆಯನ್ನು ಸೂಚಿಸುತ್ತದೆ. 'ಆತ್ಮವಿಶ್ವಾಸ'ವು ಕಾರ್ಯಸಾಮರ್ಥ್ಯಕ್ಕೆ ಸಂಬಂಧಿಸಿದುದು. ಅಮೆರಿಕದ ಮನಶ್ಶಾಸ್ತ್ರಜ್ಞರು ಆ ಮಾತನ್ನು ಬಳಸುವಾಗ ಅವರ ಮನಸ್ಸಿನಲ್ಲಿರುವುದು ಇವು ಯಾವುವೂ ಅಲ್ಲ. ಒಬ್ಬನು ತನಗೆ ತಾನೇ ಕಟ್ಟಿಕೊಳ್ಳುವ ಬೆಲೆ, ತನ್ನ ವಿಷಯದಲ್ಲಿ ತಾನೇ ಕೊಟ್ಟುಕೊಳ್ಳುವ ತೀರ್ಪು, ಇದನ್ನೇ ಅವರು ಹಾಗೆ ಕರೆಯುತ್ತಾರೆ. ಪ್ರಕೃತ ಲೇಖನದಲ್ಲಿ ಅದನ್ನು 'ಸ್ವಮನ್ನಣೆ' ಎಂದು ಕರೆಯಲಾಗಿದೆ. 'ನಾರ್ಸಿಸಿಸಂ' ಎಂಬುದಕ್ಕೆ ಕೆಲವರು ಬಳಸುವ 'ಆತ್ಮರತಿ' ಎಂಬ ಪದವನ್ನು ಬೇಕೆಂದೇ ಬಿಟ್ಟಿದೆ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಆ ಪದವು ಕೃತಕೃತ್ಯನಾದ ಜ್ಞಾನಿಗೆ ಸಲ್ಲುವ ವಿಶೇಷಣವಾಗಿ ಬಂದಿದೆ. ಕೊಳದ ನೀರಿನಲ್ಲಿ ತನ್ನ ಬಿಂಬವನ್ನೇ ಕಂಡು ಸೊರಗಿಹೋದ ಗ್ರೀಕ್ ತರುಣನಿಗೆ ಅದನ್ನು ಅಂಟಿಸುವುದು ನ್ಯಾಯವಲ್ಲ. ಅವನಿಗೆ 'ಸ್ವಮೋಹ'ವೆಂಬ ಮಾತು ಸಾಕು.

ಸ್ವಮನ್ನಣೆಗೂ ಸ್ವಮೋಹಕ್ಕೂ ಇರುವ ಸಂಬಂಧವು ಅಮೆರಿಕದಲ್ಲಿ ಸುಮಾರು ಅರ್ಧ ಶತಮಾನದಿಂದ ವಾದಕ್ಕೆ ವಿಷಯವಾಗಿದೆ. ಮಕ್ಕಳಲ್ಲಿ ಸ್ವಮನ್ನಣೆಯನ್ನು ಬೆಳೆಸುವುದೇ ಶಿಕ್ಷಣದ ಮುಖ್ಯ ಕರ್ತವ್ಯವೆಂದು ನಂಬಿದ ಶಾಲೆಗಳು ತಮಗರಿವಿಲ್ಲದೆಯೇ ಸ್ವಮೋಹಿಗಳ ಒಂದು ಪೀಳಿಗೆಯನ್ನು ಸಿದ್ಧಗೊಳಿಸಿದವೆಂಬುದು ಆಕ್ಷೇಪಣೆ. ಹೀಗೆ ಆಕ್ಷೇಪಿಸಿದವರಲ್ಲಿ ಕ್ರೈಸ್ತ ಬೋಧಕರೂ ಲೇಖಕರೂ ಮುಂದಿನ ಸಾಲಿನಲ್ಲಿದ್ದರು. ಅವರ ಮಾತುಗಳನ್ನು ಮೇಲೆ ಮೇಲೆ ಓದಿದವರಿಗೆ, ಇಂದಿನ ತರುಣರಿಗೆ ತಮ್ಮ ವಿಷಯದಲ್ಲಿ ಅತಿಯಾದ ಅಭಿಪ್ರಾಯವಿದೆ, ಅದನ್ನು ತಗ್ಗಿಸಬೇಕು ಎಂಬುದೇ ಕ್ರೈಸ್ತ ದೃಷ್ಟಿಯೆಂದು ತೋರಬಹುದು. ಹಾಗೆ ತಿಳಿದರೆ ಆ ಪರಂಪರೆಯ ಅತ್ಯಂತ ಬೆಲೆಯುಳ್ಳ ಅಂಶವು ಕೈತಪ್ಪಿಹೋಗುತ್ತದೆ. ತನ್ನನ್ನು ಹೆಚ್ಚೆಂದು ತೂಗಿಕೊಳ್ಳುವುದೂ ಕಡಮೆಯೆಂದು ತೂಗಿಕೊಳ್ಳುವುದೂ ಒಂದೇ ತಕ್ಕಡಿಯ ಕೆಲಸ. ಆ ತಕ್ಕಡಿಯನ್ನೇ ಕೆಳಗಿಡುವುದು ಹೇಗೆಂಬುದು ಕ್ರೈಸ್ತ ಚಿಂತನೆಯ ಹಿರಿಯರು ಕೇಳಿದ ಪ್ರಶ್ನೆ. ಇದನ್ನು ವಿಶದಪಡಿಸುವುದಕ್ಕೆ ಮೊದಲು ಆಧುನಿಕ ಚಳವಳಿಯ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ತಿಳಿಯತಕ್ಕದ್ದು.

ಸ್ವಮನ್ನಣೆಯನ್ನು ಶಾಸ್ತ್ರೀಯ ಚರ್ಚೆಗೆ ತಂದವರಲ್ಲಿ ವಿಲಿಯಂ ಜೇಮ್ಸನು ಮೊದಲಿಗನೆನ್ನಬಹುದು. ೧೮೯೦ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಆತನು ಅದನ್ನೊಂದು ಭಿನ್ನರಾಶಿಯ ರೂಪದಲ್ಲಿ ನಿರೂಪಿಸಿದನು: ಅಂಶಸ್ಥಾನದಲ್ಲಿ ನಮ್ಮ ಸಾಧನೆ, ಛೇದಸ್ಥಾನದಲ್ಲಿ ನಮ್ಮ ಆಕಾಂಕ್ಷೆ. ಜಗತ್ತಿನಲ್ಲೇ ಎರಡನೆಯವನೆನಿಸಿದ ಮಲ್ಲನು ಮೊದಲಿಗನಾಗಲಿಲ್ಲವೆಂದು ನಾಚಿಕೆಯಿಂದ ಕುಗ್ಗಬಹುದು. ಮಲ್ಲಯುದ್ಧದ ಗೊಡವೆಗೇ ಹೋಗದ ದುರ್ಬಲನಿಗೆ ಆ ದುಃಖವೇ ಇಲ್ಲ. ಆದ್ದರಿಂದ ಸಾಧನೆಯನ್ನು ಹೆಚ್ಚಿಸಿದಂತೆಯೇ ಆಕಾಂಕ್ಷೆಯನ್ನು ಇಳಿಸಿಯೂ ಭಿನ್ನರಾಶಿಯ ಬೆಲೆಯನ್ನು ಏರಿಸಬಹುದೆಂದು ಜೇಮ್ಸನು ತೋರಿಸಿದನು. ಮುಂದೆ ಬಂದ ಚಳವಳಿಗಾರರು ಅಂಶವನ್ನೂ ಮರೆತರು, ಛೇದವನ್ನೂ ಮರೆತರು. ಭಾಗಲಬ್ಧವೊಂದನ್ನೇ ನೇರವಾಗಿ ಕೈಗೆ ಕೊಡಬಹುದೆಂದು ಎಣಿಸಿದರು.

೧೯೬೫ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ನ್ಯೂಯಾರ್ಕ್ ಸಂಸ್ಥಾನದ ಹತ್ತು ಪ್ರೌಢಶಾಲೆಗಳ ಐದು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಪರಿಶೀಲಿಸಿ, ಹತ್ತು ವಾಕ್ಯಗಳ ಒಂದು ಅಳತೆಗೋಲನ್ನು ಸಿದ್ಧಪಡಿಸಿದರು. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಅದೇ. ತಮ್ಮ ಅಳತೆಗೋಲಿನಲ್ಲಿ ಹೆಚ್ಚು ಅಂಕ ಪಡೆದವನು ತನ್ನನ್ನು ಇತರರಿಗಿಂತ ಮೇಲೆಂದು ಭಾವಿಸುವವನಲ್ಲ, ತಾನು ತಕ್ಕಷ್ಟು ಒಳ್ಳೆಯವನೆಂದು ಭಾವಿಸುವವನು ಎಂಬ ಎಚ್ಚರಿಕೆಯನ್ನು ಅವರು ಆಗಲೇ ಕೊಟ್ಟಿದ್ದರು. ಅಳತೆಗೋಲು ಹಬ್ಬಿದಷ್ಟು ವೇಗವಾಗಿ ಎಚ್ಚರಿಕೆಯು ಹಬ್ಬಲಿಲ್ಲ.

ಈ ಕಲ್ಪನೆಯು ಸರಕಾರದ ಕಾರ್ಯನೀತಿಯಾದುದು ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಶಾಸನಸಭೆಯ ಸದಸ್ಯರಾಗಿದ್ದ ಜಾನ್ ವಾಸ್ಕನ್ಸೆಲೋಸ್ ಅವರ ಪ್ರಯತ್ನದಿಂದ ೧೯೮೬ರಲ್ಲಿ ಒಂದು ಕಾಯಿದೆಯಾಗಿ, ಸ್ವಮನ್ನಣೆಯನ್ನೂ ವೈಯಕ್ತಿಕ ಹಾಗೂ ಸಾಮಾಜಿಕ ಹೊಣೆಗಾರಿಕೆಯನ್ನೂ ವರ್ಧಿಸುವುದಕ್ಕಾಗಿ ೨೫ ಸದಸ್ಯರ ಕಾರ್ಯಪಡೆಯೊಂದು ಏರ್ಪಟ್ಟಿತು. ವರ್ಷಕ್ಕೆ ೨,೪೫,೦೦೦ ಡಾಲರುಗಳಂತೆ ಮೂರು ವರ್ಷಗಳ ಅವಧಿ. ಅಪರಾಧ, ಮಾದಕ ವ್ಯಸನ, ಶಾಲೆಯಲ್ಲಿನ ವೈಫಲ್ಯ, ಎಳೆಯ ವಯಸ್ಸಿನ ಗರ್ಭಧಾರಣೆ ಇವೆಲ್ಲಕ್ಕೂ ಮೂಲದಲ್ಲಿ ಸ್ವಮನ್ನಣೆಯ ಕೊರತೆಯಿದೆ, ಅದನ್ನು ತುಂಬಿದರೆ ಲಸಿಕೆ ಹಾಕಿದಂತೆ ಸಮಾಜವು ಈ ರೋಗಗಳಿಂದ ಪಾರಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ವೃತ್ತಪತ್ರಿಕೆಗಳ ವ್ಯಂಗ್ಯಚಿತ್ರಕಾರರು ಇದನ್ನು ಸಾಕಷ್ಟು ಗೇಲಿಮಾಡಿದರು. ಆದರೆ ವಾಸ್ಕನ್ಸೆಲೋಸ್ ಅವರ ಹಿನ್ನೆಲೆಯನ್ನು ನೋಡಿದವರಿಗೆ ನಗು ಅಷ್ಟು ಸುಲಭವಾಗಿ ಬರಲಾರದು.

ಅವರು ಕಟ್ಟುನಿಟ್ಟಾದ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು; ಜೆಸ್ಯುಯಿಟ್ ಸಂಸ್ಥೆಯಾದ ಸಾಂಟಾ ಕ್ಲಾರಾ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿನಾಯಕನ ಚುನಾವಣೆಗೆ ನಿಂತಾಗ ತಾವು ಒಂದೇ ಮತದಿಂದ ಸೋತುದನ್ನೂ, ಆ ಒಂದು ಮತವು ತಮ್ಮದೇ ಆಗಿದ್ದುದನ್ನೂ ಅವರೇ ಹೇಳಿಕೊಂಡಿದ್ದಾರೆ. ತನ್ನ ವಿಷಯದಲ್ಲಿ ಒಳ್ಳೆಯದನ್ನು ಎಣಿಸಬಾರದೆಂಬ ಶಿಕ್ಷಣವು ಅಷ್ಟು ಆಳಕ್ಕೆ ಇಳಿದಿತ್ತು. ನಡುವಯಸ್ಸಿಗೆ ಬರುವ ಮುನ್ನವೇ ಅವರು ತೀವ್ರವಾದ ಮನೋವ್ಯಥೆಗೆ ಸಿಕ್ಕಿ ಚಿಕಿತ್ಸೆಗಾಗಿ ಒಬ್ಬ ಜೆಸ್ಯುಯಿಟ್ ಪಾದ್ರಿಯ ಬಳಿಗೆ ಹೋದರು. ಆ ಪಾದ್ರಿಯು ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಅವರ ಬಳಿ ತರಬೇತಿ ಪಡೆದಿದ್ದವರು. ರಾಜರ್ಸ್ ಅವರಾದರೋ ನಿಷ್ಠಾವಂತ ಪ್ರಾಟೆಸ್ಟೆಂಟ್ ಕುಟುಂಬದ ಮಗ. ೧೯೨೪ರಲ್ಲಿ ನ್ಯೂಯಾರ್ಕಿನ ಯೂನಿಯನ್ ದೇವಶಾಸ್ತ್ರ ಮಹಾವಿದ್ಯಾಲಯವನ್ನು ಸೇರಿ, ಎರಡು ವರ್ಷಗಳ ತರುವಾಯ ಅದನ್ನು ಬಿಟ್ಟು ಮನಶ್ಶಾಸ್ತ್ರದ ಕಡೆಗೆ ತಿರುಗಿದರು. ಚಿಕಿತ್ಸಕನು ರೋಗಿಯನ್ನು ಯಾವ ಷರತ್ತೂ ಇಲ್ಲದೆ ಆದರಿಸಬೇಕೆಂಬುದು ಅವರ ಪ್ರಸಿದ್ಧವಾದ ತತ್ತ್ವ. ಇದಕ್ಕೂ ಕ್ರೈಸ್ತರ ಕೃಪಾತತ್ತ್ವಕ್ಕೂ ಇರುವ ಹೋಲಿಕೆಯನ್ನು ಥಾಮಸ್ ಓಡನ್ ಎಂಬ ದೇವಶಾಸ್ತ್ರಜ್ಞರು ೧೯೬೬ರಷ್ಟು ಹಿಂದೆಯೇ ಗುರುತಿಸಿದ್ದರು.

ಇದರಿಂದ ತಿಳಿಯುವುದೇನೆಂದರೆ, ಸ್ವಮನ್ನಣೆಯ ಚಳವಳಿಯು ಕ್ರೈಸ್ತ ಧರ್ಮದ ಹೊರಗಿನಿಂದ ಬಂದ ಶತ್ರುವಲ್ಲ. ಆ ಮನೆಯಿಂದಲೇ ಮುನಿಸಿಕೊಂಡು ಹೊರಟ ಮಗ. ಅರ್ಹತೆಯನ್ನು ನೋಡದೆ ಮನುಷ್ಯನನ್ನು ಸ್ವೀಕರಿಸಬೇಕೆಂಬ ಮಾತನ್ನು ಅದು ತೌರಿನಿಂದಲೇ ಒಯ್ದಿತು. ಒಯ್ಯುವಾಗ ಸ್ವೀಕರಿಸುವ ಆ ಮತ್ತೊಬ್ಬನನ್ನು ಬಿಟ್ಟುಹೋಯಿತು. ರಾಜರ್ಸ್ ಅವರ ಕೊಠಡಿಯಲ್ಲಿ ಆ ಸ್ಥಾನದಲ್ಲಿ ಚಿಕಿತ್ಸಕನಾದರೂ ಇದ್ದನು. ಚಿಕಿತ್ಸೆಯು ಪಠ್ಯಕ್ರಮವಾಗಿ, ಮೂವತ್ತು ಮಕ್ಕಳ ತರಗತಿಯಲ್ಲಿ ತಾನು ವಿಶಿಷ್ಟನೆಂದು ಪ್ರತಿಯೊಂದು ಮಗುವೂ ಹಾಡಿಕೊಳ್ಳುವ ಮಟ್ಟಕ್ಕೆ ಬಂದಾಗ, ಸ್ವೀಕರಿಸುವವನೂ ಸ್ವೀಕೃತನಾಗುವವನೂ ಒಬ್ಬನೇ ಆದನು. ಕೊಳದ ದಡದ ಗ್ರೀಕ್ ತರುಣನ ಕಥೆಯಲ್ಲಿ ಇರುವುದೂ ಇದೇ ಸ್ಥಿತಿ.

ಕಾರ್ಯಪಡೆಯ ಫಲಿತಾಂಶಗಳನ್ನು ವಿಸ್ತರಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಸಿದ್ಧಪಡಿಸಿದ ಸಂಶೋಧನ ಸಂಪುಟವು ೧೯೮೯ರಲ್ಲಿ ಹೊರಬಂದಿತು. ಅದರ ಪೀಠಿಕೆಯಲ್ಲಿ ಸಮಾಜಶಾಸ್ತ್ರಜ್ಞ ನೀಲ್ ಸ್ಮೆಲ್ಸರ್ ಅವರು ಸ್ವಮನ್ನಣೆಗೂ ಅದರಿಂದ ಉಂಟಾಗುವುದೆನ್ನಲಾದ ಪರಿಣಾಮಗಳಿಗೂ ಕಂಡುಬಂದ ಸಂಬಂಧವು ನಿರಾಶೆಯುಂಟುಮಾಡುವಷ್ಟು ಕ್ಷೀಣವೆಂದು ಒಪ್ಪಿಕೊಂಡರು. ಮರುವರ್ಷದ ಅಂತಿಮ ವರದಿಯ ಉತ್ಸಾಹಕ್ಕೆ ಅದರಿಂದ ಭಂಗವೇನೂ ಬರಲಿಲ್ಲ. ೨೦೦೩ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಸಮೀಕ್ಷಿಸಿ ಕೊಟ್ಟ ನಿರ್ಣಯವು ಹೆಚ್ಚು ಖಚಿತವಾದುದು. ಸ್ವಮನ್ನಣೆಯುಳ್ಳವರು ಹೆಚ್ಚು ಸಂತೋಷವಾಗಿರುತ್ತಾರೆ, ಹೊಸ ಕಾರ್ಯಕ್ಕೆ ಮುಂದಾಗುತ್ತಾರೆ. ಆದರೆ ಸ್ವಮನ್ನಣೆಯನ್ನು ಏರಿಸಿದುದರಿಂದ ಓದು ಸುಧಾರಿಸಿತೆಂಬುದಕ್ಕೆ ಆಧಾರವಿಲ್ಲ. ಓದಿನಲ್ಲಿ ಮುಂದೆ ಬಂದವರಿಗೆ ಸ್ವಮನ್ನಣೆಯು ತಾನಾಗಿ ಸ್ವಲ್ಪ ಹೆಚ್ಚುತ್ತದೆ, ಅಷ್ಟೆ.

ಇನ್ನು ಸ್ವಮೋಹದ ಮಾತು. ಕ್ರಿಸ್ಟಫರ್ ಲ್ಯಾಶ್ ಅವರು ಅಮೆರಿಕದ ಸಂಸ್ಕೃತಿಯನ್ನೇ ಸ್ವಮೋಹದ ಸಂಸ್ಕೃತಿಯೆಂದು ಕರೆದ ಗ್ರಂಥವು ೧೯೭೯ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸ್ವಮೋಹವನ್ನು ಅಳೆಯುವ ಪ್ರಶ್ನಾವಳಿಯೊಂದೂ ಮನಶ್ಶಾಸ್ತ್ರಜ್ಞರ ಕೈಗೆ ಬಂದಿತು. ಜೀನ್ ಟ್ವೆಂಗಿ ಮತ್ತು ಅವರ ಸಹೋದ್ಯೋಗಿಗಳು ೧೯೭೯ರಿಂದ ೨೦೦೬ರವರೆಗೆ ಈ ಪ್ರಶ್ನಾವಳಿಗೆ ಉತ್ತರಿಸಿದ ೧೬,೪೭೫ ಕಾಲೇಜು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿ, ಇತ್ತೀಚಿನವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಮೊದಲಿನವರ ಸರಾಸರಿಗಿಂತ ಮೇಲಿದ್ದಾರೆಂದು ೨೦೦೮ರಲ್ಲಿ ವರದಿಮಾಡಿದರು. ಮರುವರ್ಷ ಹೊರಬಂದ ಅವರ ಗ್ರಂಥವು ಸ್ವಮೋಹವನ್ನು ಸಾಂಕ್ರಾಮಿಕ ರೋಗವೆಂದೇ ಕರೆಯಿತು. ಚರ್ಚುಗಳ ಪ್ರಸಂಗಪೀಠಗಳಿಗೆ ಇದಕ್ಕಿಂತ ಅನುಕೂಲವಾದ ಸಾಮಗ್ರಿ ಬೇರೆ ಬೇಕಾಗಿರಲಿಲ್ಲ. ಕಡೆಯ ದಿನಗಳಲ್ಲಿ ಮನುಷ್ಯರು ತಮ್ಮನ್ನೇ ಪ್ರೀತಿಸಿಕೊಳ್ಳುವವರಾಗುವರೆಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ಅನೇಕರು ಈ ಅಂಕಿ ಅಂಶಗಳ ಪಕ್ಕದಲ್ಲಿಟ್ಟು ತೋರಿಸಿದರು.

ಇಲ್ಲಿ ಎರಡು ಎಡವಟ್ಟುಗಳಿವೆ. ಮೊದಲನೆಯದು, ಅಂಕಿ ಅಂಶಗಳು ನಿರ್ವಿವಾದವಾದುವಲ್ಲ. ೨೦೦೮ರಲ್ಲಿಯೇ ಕಾಲಿ ಟ್ರೆಸ್ನಿಯೆವ್‌ಸ್ಕಿ ಮತ್ತಿತರರು ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳಲ್ಲಿ ಅಂಥ ಏರಿಕೆಯೇನೂ ಇಲ್ಲವೆಂದು ವಾದಿಸಿದರು. ೨೦೧೭ರಲ್ಲಿ ಯೂನಿಕೆ ವೆಟ್ಸೆಲ್ ಮತ್ತು ಸಂಗಡಿಗರು ಮೂರು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳನ್ನು ಹೋಲಿಸಿ, ೧೯೯೦ರ ದಶಕದಿಂದೀಚೆಗೆ ಸ್ವಮೋಹವು ಸ್ವಲ್ಪ ಇಳಿದೇ ಇದೆಯೆಂದು ಕಂಡರು. ಎರಡನೆಯದು, ಆ ಪತ್ರಿಕೆಯ ವಾಕ್ಯವು ಮನುಷ್ಯರೆಂದು ಹೇಳುತ್ತದೆಯೇ ಹೊರತು ತರುಣರೆಂದು ಹೇಳುವುದಿಲ್ಲ. ತಮ್ಮ ಮಕ್ಕಳು ತಮಗಿಂತ ಕೆಟ್ಟರೆಂಬ ದೂರನ್ನು ಮುದುಕರು ಎಲ್ಲ ಕಾಲದಲ್ಲಿಯೂ ಸಂತೋಷದಿಂದ ನಂಬುತ್ತಾರೆ; ಅದಕ್ಕೊಂದು ಧರ್ಮಗ್ರಂಥದ ಮುದ್ರೆ ಸಿಕ್ಕರೆ ಇನ್ನೂ ಸಂತೋಷ. ಮೂವತ್ತು ವರ್ಷಗಳಲ್ಲಿ ಏರಿತೋ ಇಳಿಯಿತೋ ಎಂಬ ಲೆಕ್ಕದ ಮೇಲೆ ಕ್ರೈಸ್ತ ಮನುಷ್ಯವಿಚಾರವನ್ನು ನಿಲ್ಲಿಸುವುದು ದುರ್ಬಲವಾದ ಅಸ್ತಿಭಾರ. ಆ ವಿಚಾರದ ಪ್ರಕಾರ ಈ ರೋಗವು ೧೯೭೯ರಲ್ಲಿ ಹುಟ್ಟಿದ್ದಲ್ಲ, ಯಾವ ಪೀಳಿಗೆಯೂ ಅದಕ್ಕೆ ಹೊರತಲ್ಲ.

ಸ್ವಮನ್ನಣೆಯ ಪ್ರಶ್ನೆಯಲ್ಲಿ ಕ್ರೈಸ್ತರೆಲ್ಲರೂ ಒಂದೇ ಪಕ್ಷದಲ್ಲಿದ್ದರೆಂದೂ ತಿಳಿಯಬಾರದು. ೧೯೫೫ರಲ್ಲಿ ಕ್ಯಾಲಿಫೋರ್ನಿಯದ ಒಂದು ಬಯಲು ಚಿತ್ರಮಂದಿರದಲ್ಲಿ, ಮೋಟಾರು ಕಾರುಗಳಲ್ಲಿ ಕುಳಿತ ಜನರಿಗೆ ಉಪದೇಶಿಸಲು ಪ್ರಾರಂಭಿಸಿದ ರಾಬರ್ಟ್ ಶುಲ್ಲರ್ ಅವರು ೧೯೮೦ರ ಹೊತ್ತಿಗೆ ಗಾರ್ಡನ್ ಗ್ರೋವ್ ಪಟ್ಟಣದಲ್ಲಿ ಗಾಜಿನ ಮಹಾಮಂದಿರವನ್ನೇ ಕಟ್ಟಿಸಿದ್ದರು. ೧೯೮೨ರ ತಮ್ಮ ಗ್ರಂಥದಲ್ಲಿ ಅವರು ಸ್ವಮನ್ನಣೆಯೇ ಹೊಸ ಧರ್ಮಸುಧಾರಣೆಯೆಂದು ಸಾರಿದರು. ಪಾಪದ ತಿರುಳು ಗರ್ವವಲ್ಲ, ತನ್ನಲ್ಲಿ ತನಗೆ ನಂಬಿಕೆಯಿಲ್ಲದಿರುವುದು ಎಂಬುದು ಅವರ ವಾದ. ಕ್ಯಾಲ್ವಿನನ ಪರಂಪರೆಗೆ ಸೇರಿದ ಬೋಧಕರೊಬ್ಬರು ಹೀಗೆಂದುದು ಹಲವರಿಗೆ ಆಘಾತವನ್ನುಂಟುಮಾಡಿತು. ಇನ್ನೊಂದು ಕಡೆ, ಮನಶ್ಶಾಸ್ತ್ರಜ್ಞರೇ ಆದ ಪಾಲ್ ವಿಟ್ಸ್ ಅವರು ಐದು ವರ್ಷಗಳ ಹಿಂದೆಯೇ, ೧೯೭೭ರಲ್ಲಿ, ಈ ಮನಶ್ಶಾಸ್ತ್ರವು 'ಸ್ವ'ವನ್ನು ಆರಾಧಿಸುವ ಒಂದು ಮತವೇ ಆಗಿಬಿಟ್ಟಿದೆಯೆಂದು ಖಂಡಿಸಿದ್ದರು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸೆಂಬ ಆಜ್ಞೆಯಲ್ಲಿ, ಮೊದಲು ನಿನ್ನನ್ನು ಪ್ರೀತಿಸಿಕೊ ಎಂಬ ಗುಪ್ತವಾದ ಆಜ್ಞೆಯೊಂದಿದೆಯೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಹಾಗೆ ಓದುವುದು ವ್ಯಾಕರಣಕ್ಕೂ ಸಂದರ್ಭಕ್ಕೂ ಒಗ್ಗುವುದಿಲ್ಲವೆಂದು ಇಂಗ್ಲೆಂಡಿನ ಜಾನ್ ಸ್ಟಾಟ್ ಅವರು ೧೯೭೮ರಲ್ಲಿ ತೋರಿಸಿದರು. ಮನುಷ್ಯನು ತನ್ನನ್ನು ಪ್ರೀತಿಸಿಕೊಳ್ಳುವುದನ್ನು ಆ ವಾಕ್ಯವು ಇರುವ ಸಂಗತಿಯೆಂದು ಹಿಡಿಯುತ್ತದೆ, ವಿಧಿಸುವುದಿಲ್ಲ. ಆದರೂ ಸ್ಟಾಟ್ ಅವರು ಸ್ವನಿಂದೆಯ ಪಕ್ಷಕ್ಕೆ ಸೇರಲಿಲ್ಲ. ದೇವರ ಸೃಷ್ಟಿಯೆಂಬ ನೆಲೆಯಲ್ಲಿ ತನ್ನನ್ನು ಒಪ್ಪಿಕೊಳ್ಳಬೇಕು, ಪತನದ ನೆಲೆಯಲ್ಲಿ ತನ್ನನ್ನು ತ್ಯಜಿಸಬೇಕು ಎಂಬುದು ಅವರ ವಿವೇಚನೆ.

ಈ ತ್ಯಜಿಸುವುದೆಂಬ ಮಾತನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಅನೇಕ ಅನರ್ಥಗಳು ಇಲ್ಲಿಯೇ ಹುಟ್ಟಿವೆ. ತನ್ನನ್ನು ಅನುಸರಿಸುವವನು ತನ್ನನ್ನು ತಾನೇ ನಿರಾಕರಿಸಬೇಕೆಂದು ಯೇಸುವು ಹೇಳಿದುದು ಮಾರ್ಕನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿದೆ. ಮೂಲದ ಗ್ರೀಕ್ ಕ್ರಿಯಾಪದವೇ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೇತ್ರನು ತನ್ನ ಗುರುವನ್ನು ನಿರಾಕರಿಸುವನೆಂಬಲ್ಲಿ ಮತ್ತೆ ಬರುತ್ತದೆ. ಪೇತ್ರನ ನಿರಾಕರಣೆಯೆಂದರೇನು? ಆ ಮನುಷ್ಯನನ್ನು ನಾನರಿಯೆ, ಅವನಿಗೂ ನನಗೂ ಸಂಬಂಧವಿಲ್ಲ ಎನ್ನುವುದು. ತನ್ನನ್ನು ನಿರಾಕರಿಸುವುದೆಂದರೂ ಹಾಗೆಯೇ, ತನ್ನ ಹಕ್ಕುಗಳ ವಕಾಲತ್ತನ್ನು ಬಿಡುವುದು. ತನ್ನನ್ನು ಹೀನಾಯವಾಗಿ ಕಾಣುವುದು, ಹಗಲಿರುಳೂ ತನ್ನ ಕೊರತೆಗಳನ್ನು ಎಣಿಸುವುದು ಆ ಪದದ ಅರ್ಥವಲ್ಲ. ಹಾಗೆ ಎಣಿಸುವವನು ತನ್ನ ಪರಿಚಯವನ್ನು ಬಿಟ್ಟವನಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದವನು.

ಅಗಸ್ಟೀನನು 'ದೇವನಗರ'ವೆಂಬ ಮಹಾಕೃತಿಯ ಹದಿನಾಲ್ಕನೆಯ ಭಾಗದಲ್ಲಿ ಗರ್ವವನ್ನು ಲಕ್ಷಣೀಕರಿಸುವಾಗ, ಜೀವವು ತನಗೆ ಆಧಾರವಾದುದನ್ನು ಬಿಟ್ಟು ತನಗೆ ತಾನೇ ಆಧಾರವಾಗಲು ಯತ್ನಿಸುವುದೇ ಅದರ ಸ್ವರೂಪವೆಂದು ತಿಳಿಸುತ್ತಾನೆ. ಗಮನಿಸಬೇಕಾದುದೆಂದರೆ, ಇದರಲ್ಲಿ ತನ್ನ ಬೆಲೆಯನ್ನು ಹೆಚ್ಚಾಗಿ ಕಟ್ಟಿಕೊಳ್ಳುವ ಪ್ರಸ್ತಾಪವೇ ಇಲ್ಲ, ದಿಕ್ಕಿನ ಪ್ರಸ್ತಾಪವಿದೆ. ಮಾರ್ಟಿನ್ ಲೂಥರನು ೧೫೧೫-೧೬ರಲ್ಲಿ ವಿಟೆನ್‌ಬರ್ಗಿನ ವಿದ್ಯಾರ್ಥಿಗಳಿಗೆ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಪಾಠಹೇಳುವಾಗ ಇದೇ ಭಾವವನ್ನು ಹರಿತಗೊಳಿಸಿ, ಮನುಷ್ಯನು ತನ್ನೊಳಕ್ಕೇ ಬಾಗಿಕೊಂಡಿರುವನೆಂಬ ಚಿತ್ರವನ್ನು ಕೊಟ್ಟನು. ಆ ಬಾಗು ಎಷ್ಟು ಆಳವೆಂದರೆ ಲೌಕಿಕ ಸುಖಗಳನ್ನು ಮಾತ್ರವಲ್ಲ, ದೇವರ ವರಗಳನ್ನೂ ದೇವರನ್ನೂ ಸಹ ಅದು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ. ಬಾಗಿದವನು ಕೊಳದಲ್ಲಿ ಸುಂದರವಾದ ಮುಖವನ್ನು ಕಂಡರೂ ಒಂದೇ, ಕುರೂಪವನ್ನು ಕಂಡರೂ ಒಂದೇ. ಕತ್ತು ಮೇಲಕ್ಕೆ ಏಳುವುದಿಲ್ಲ. ಶುಲ್ಲರ್ ಅವರು ಕುರೂಪದ ಬಿಂಬವನ್ನು ಸುಂದರವಾಗಿಸಬೇಕೆಂದರು, ಅವರ ವಿರೋಧಿಗಳಲ್ಲಿ ಕೆಲವರು ಸುಂದರವಾದ ಬಿಂಬವನ್ನು ಕಲಕಬೇಕೆಂದರು. ಲೂಥರನ ಚಿತ್ರವನ್ನು ಒಪ್ಪಿದವನಿಗೆ ಎರಡೂ ಸಾಲವು.

ಥಾಮಸ್ ಅಕ್ವೈನಾಸನಲ್ಲಿ ಈ ವಿಚಾರವು ಇನ್ನೊಂದು ಬಗೆಯಲ್ಲಿ ಬರುತ್ತದೆ. ಅಳತೆಗೆಟ್ಟ ಸ್ವಪ್ರೇಮವು ಎಲ್ಲ ಪಾಪಗಳ ಕಾರಣವೆಂದು ಒಂದೆಡೆ ಹೇಳಿದ ಆತನೇ, ಮನುಷ್ಯನು ದೈವಪ್ರೇಮದ ನಿಮಿತ್ತವಾಗಿ ತನ್ನನ್ನೂ ಪ್ರೀತಿಸತಕ್ಕದ್ದೆಂದು ಇನ್ನೊಂದೆಡೆ ಸಿದ್ಧಾಂತಪಡಿಸುತ್ತಾನೆ. ಇಷ್ಟೇ ಅಲ್ಲ, ತನ್ನ ಶಕ್ತಿಗೆ ತಕ್ಕ ಕಾರ್ಯದಿಂದ ಹಿಂಜರಿಯುವ ಅಲ್ಪಮನಸ್ಕತೆಯನ್ನು ಆತನು ಸ್ಪಷ್ಟವಾಗಿ ಪಾಪವೆಂದೇ ಎಣಿಸುತ್ತಾನೆ. ಒಡೆಯನು ಕೊಟ್ಟ ಹಣವನ್ನು ಹೆದರಿ ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿಯು ಆತನಿಗೆ ಇಲ್ಲಿ ಪ್ರಮಾಣ. ತರಗತಿಯ ಹಿಂದಿನ ಬೆಂಚಿನಲ್ಲಿ ಉತ್ತರವನ್ನು ಬಲ್ಲವನಾಗಿಯೂ ಬಾಯಿ ತೆರೆಯದ ಹುಡುಗನನ್ನು ವಿನಯಶೀಲನೆಂದು ಹೊಗಳುವ ಉಪಾಧ್ಯಾಯರು ಅಕ್ವೈನಾಸನ ಈ ಪ್ರಕರಣವನ್ನು ಒಮ್ಮೆ ಓದಬೇಕು.

ಆದರೂ ಆಕ್ಷೇಪಣೆಯೊಂದು ಉಳಿಯುತ್ತದೆ, ಅದು ಸಣ್ಣದಲ್ಲ. ೧೯೬೦ರಲ್ಲಿ ವ್ಯಾಲರಿ ಸೇವಿಂಗ್ ಎಂಬ ವಿದುಷಿಯು ಅಮೆರಿಕದ ಒಂದು ಧರ್ಮಾಧ್ಯಯನ ಪತ್ರಿಕೆಯಲ್ಲಿ ಬರೆದ ಲೇಖನವು ಮುಂದೆ ಬಹಳ ಪ್ರಸಿದ್ಧವಾಯಿತು. ರೈನ್‌ಹೋಲ್ಡ್ ನೀಬೂರ್ ಮೊದಲಾದವರು ಗರ್ವವೇ ಮಾನವನ ಮೂಲಪಾಪವೆಂದು ನಿರೂಪಿಸಿದುದು ಪುರುಷರ ಅನುಭವದಿಂದ ಬಂದ ನಿರೂಪಣೆ. ಮನೆಯವರ ಬೇಡಿಕೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿ, 'ಸ್ವ'ವೆಂಬುದೇ ರೂಪುಗೊಳ್ಳದಿರುವ ಸ್ತ್ರೀಯ ಅಪಾಯ ಅದಲ್ಲ ಎಂಬುದು ಆಕೆಯ ವಾದ. ಹೀಗಿರುವಲ್ಲಿ ಆಕೆಗೆ ಸ್ವತ್ಯಾಗವನ್ನು ಬೋಧಿಸುವುದೆಂದರೆ ರೋಗವನ್ನೇ ಔಷಧವೆಂದು ಕೊಟ್ಟಂತೆ. ಅಕ್ವೈನಾಸನ ಅಲ್ಪಮನಸ್ಕತೆಯ ವಿಚಾರವು ಇದಕ್ಕೆ ಸ್ವಲ್ಪಮಟ್ಟಿಗೆ ಸಮಾಧಾನ ಕೊಡುತ್ತದಾದರೂ ಪೂರ್ತಿ ಕೊಡುವುದಿಲ್ಲ. ಹಿಂಜರಿಯುವವನಿಗೆ ಹಿಂಜರಿಯಲಾದರೂ ಒಂದು ಸ್ಥಾನವಿರಬೇಕಷ್ಟೆ. ಪ್ರಸಂಗಪೀಠದಿಂದ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ನಮ್ರತೆಯನ್ನು ಹಂಚಿದಾಗ ಅದು ಬೇಕಾದವರ ಕಿವಿಗೆ ಬೀಳದೆ, ಬೇಡವಾದವರ ಎದೆಗೆ ಇಳಿಯುತ್ತದೆ. ವಾಸ್ಕನ್ಸೆಲೋಸ್ ಅವರ ಬಾಲ್ಯವೂ ಇದಕ್ಕೆ ಸಾಕ್ಷಿ.

ಹಾಗಾದರೆ ಮಗುವಿಗೆ ಕೊಡಬೇಕಾದುದೇನು? ಇಲ್ಲಿ ಇತ್ತೀಚಿನ ಒಂದು ಸಂಶೋಧನೆಯು ಹಳೆಯ ದೇವಶಾಸ್ತ್ರಕ್ಕೆ ಅನಿರೀಕ್ಷಿತವಾದ ಬೆಂಬಲವನ್ನು ಕೊಟ್ಟಿದೆ. ಎಡ್ಡಿ ಬ್ರಮೆಲ್ಮನ್ ಮತ್ತು ಅವರ ಸಂಗಡಿಗರು ನೆದರ್ಲೆಂಡಿನಲ್ಲಿ ೭ರಿಂದ ೧೨ ವರ್ಷದೊಳಗಿನ ೫೬೫ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಹಲವು ಬಾರಿ ಪ್ರಶ್ನಿಸಿ ೨೦೧೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಮ್ಮ ಮಗು ಇತರ ಮಕ್ಕಳಿಗಿಂತ ಮೇಲು, ಹೆಚ್ಚಿನದಕ್ಕೆ ಅರ್ಹ ಎಂದು ಭಾವಿಸುವ ತಂದೆತಾಯಿಗಳ ಮಕ್ಕಳಲ್ಲಿ ಮುಂದೆ ಸ್ವಮೋಹವು ಬೆಳೆದಿತ್ತು, ಸ್ವಮನ್ನಣೆ ಬೆಳೆದಿರಲಿಲ್ಲ. ಮಗುವಿಗೆ ಪ್ರೀತಿ ವಾತ್ಸಲ್ಯಗಳನ್ನು ತೋರುವ ತಂದೆತಾಯಿಗಳ ಮಕ್ಕಳಲ್ಲಿ ಸ್ವಮನ್ನಣೆಯು ಬೆಳೆದಿತ್ತು, ಸ್ವಮೋಹ ಬೆಳೆದಿರಲಿಲ್ಲ. ಅಂದಮೇಲೆ ಸ್ವಮೋಹವೆಂಬುದು ಸ್ವಮನ್ನಣೆಯ ಅತಿರೇಕವೆಂದು, ಒಂದೇ ಪಾತ್ರೆ ತುಂಬಿ ಹೊರಚೆಲ್ಲಿದುದೆಂದು ಭಾವಿಸುವುದು ಸರಿಯಲ್ಲ. ಎರಡರ ಬೇರುಗಳೇ ಬೇರೆ. ಒಂದು ಹೊಗಳಿಕೆಯಿಂದ, ಅಂದರೆ ಹೋಲಿಕೆಯಿಂದ ಹುಟ್ಟುತ್ತದೆ, ಇನ್ನೊಂದು ಪ್ರೀತಿಯಿಂದ. ಹೊಗಳಿಕೆಯು ಬೆಲೆಕಟ್ಟುತ್ತದೆ, ಪ್ರೀತಿಯು ಬೆಲೆಕಟ್ಟುವುದಿಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುವ ವಿಚಿತ್ರವಾದ ಮಾತನ್ನು ಈ ಬೆಳಕಿನಲ್ಲಿ ಓದಬೇಕೆಂದು ತೋರುತ್ತದೆ. ಆ ಪಟ್ಟಣದ ಸಭೆಯು ಬೋಧಕರಲ್ಲಿ ಯಾರು ಮೇಲೆಂದು ಪಂಗಡಗಳಾಗಿ ಒಡೆದಿತ್ತು. ಪೌಲನು ಅವರಿಗೆ ಹೇಳುವುದೇನೆಂದರೆ, ಅವರ ತೀರ್ಪಾಗಲಿ ಬೇರಾವ ಮನುಷ್ಯರ ತೀರ್ಪಾಗಲಿ ತನಗೆ ಅತ್ಯಲ್ಪವಾದ ಸಂಗತಿ. ಇಷ್ಟರಲ್ಲಿಯೇ ನಿಂತಿದ್ದರೆ ಅದು ಸ್ವಮನ್ನಣೆಯ ಪಾಠವಾಗುತ್ತಿತ್ತು: ಲೋಕವು ಏನೆಂದರೇನು, ನನ್ನನ್ನು ನಾನು ಬಲ್ಲೆನೆಂದಾಗುತ್ತಿತ್ತು. ಪೌಲನು ಅಲ್ಲಿ ನಿಲ್ಲದೆ, ತನ್ನನ್ನು ತಾನೂ ವಿಚಾರಿಸಿಕೊಳ್ಳುವುದಿಲ್ಲವೆಂದೂ, ತನ್ನಲ್ಲಿ ದೋಷವು ತನಗೆ ಕಾಣದಿದ್ದರೂ ಅದರಿಂದ ತಾನು ನಿರ್ದೋಷಿಯೆನಿಸುವುದಿಲ್ಲವೆಂದೂ ಸೇರಿಸುತ್ತಾನೆ. ಕೆಳಗಿನ ಕೋರ್ಟಿನಿಂದ ಮೊಕದ್ದಮೆಯನ್ನು ಎತ್ತಿ ತನ್ನದೇ ಕೋರ್ಟಿಗೆ ಹಾಕಿಕೊಂಡವನಲ್ಲ ಆತನು. ಎರಡರಿಂದಲೂ ಎತ್ತಿ ಮೂರನೆಯದಕ್ಕೆ ಒಪ್ಪಿಸಿದವನು. ರೋಸೆನ್‌ಬರ್ಗ್ ಅವರ ಹತ್ತು ವಾಕ್ಯಗಳನ್ನು ಆತನ ಮುಂದಿಟ್ಟಿದ್ದರೆ ಎಷ್ಟು ಅಂಕ ಪಡೆಯುತ್ತಿದ್ದನೆಂದು ಹೇಳುವುದು ಕಷ್ಟ. ಉತ್ತರಿಸದೆಯೇ ಕಾಗದವನ್ನು ಹಿಂದಿರುಗಿಸುತ್ತಿದ್ದನೆಂದು ಊಹಿಸುವುದೇ ಮೇಲು.

ಈ ಒಪ್ಪಿಸುವಿಕೆಯೂ ಮತ್ತೊಂದು ಕನ್ನಡಿಯಾಗುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಜೆನಿಫರ್ ಕ್ರಾಕರ್ ಮತ್ತು ಸಹೋದ್ಯೋಗಿಗಳು ೨೦೦೩ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ತಮ್ಮ ಬೆಲೆಯನ್ನು ಯಾವ ಯಾವ ನೆಲೆಗಳ ಮೇಲೆ ನಿಲ್ಲಿಸಿಕೊಳ್ಳುತ್ತಾರೆಂಬುದನ್ನು ಅಳೆಯಲು ಏಳು ಕ್ಷೇತ್ರಗಳನ್ನು ಗುರುತಿಸಿದರು. ರೂಪ, ಇತರರ ಮೆಚ್ಚಿಕೆ, ಸ್ಪರ್ಧೆಯಲ್ಲಿ ಗೆಲುವು, ಓದು, ಮನೆಯವರ ಆಸರೆ, ಸದ್ಗುಣ ಇವುಗಳ ಜೊತೆಗೆ ಏಳನೆಯದಾಗಿ ದೇವರ ಪ್ರೀತಿಯೂ ಆ ಪಟ್ಟಿಯಲ್ಲಿದೆ. ಕ್ರೈಸ್ತನಾದವನು ಇದನ್ನು ನೋಡಿ ಹಿಗ್ಗುವ ಮೊದಲು ಸ್ವಲ್ಪ ತಡೆಯಬೇಕು. ದೇವರ ಪ್ರೀತಿಯನ್ನು ತನ್ನ ಬೆಲೆಯನ್ನು ಎತ್ತಿಹಿಡಿಯುವ ಊರುಗೋಲಾಗಿ ಬಳಸುವವನು ಲೂಥರನು ಹೇಳಿದ ಬಾಗನ್ನೇ ಇನ್ನೊಂದು ಸುತ್ತು ಬಾಗಿರುತ್ತಾನೆ.

ಹನ್ನೆರಡನೆಯ ಶತಮಾನದ ಸಂನ್ಯಾಸಿ, ಕ್ಲೇರ್ವೋ ಮಠದ ಬರ್ನಾರ್ಡನು ಈ ತೊಡಕನ್ನು ಚೆನ್ನಾಗಿ ಕಂಡಿದ್ದನು. ದೈವಪ್ರೀತಿಯನ್ನು ಕುರಿತ ತನ್ನ ಪುಟ್ಟ ಗ್ರಂಥದಲ್ಲಿ ಆತನು ಪ್ರೇಮಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತಾನೆ. ಮನುಷ್ಯನು ಮೊದಲು ತನ್ನನ್ನು ತನಗಾಗಿ ಪ್ರೀತಿಸುತ್ತಾನೆ. ಕಷ್ಟ ಬಂದಾಗ ದೇವರನ್ನು ಪ್ರೀತಿಸಲು ತೊಡಗುತ್ತಾನೆ, ಆದರೆ ತನಗಾಗಿ. ಮೇಲೆ ಹೇಳಿದ ಊರುಗೋಲು ಇದೇ. ಬಳಕೆಯಿಂದ ದೇವರ ಸವಿಯನ್ನು ಅರಿತು ದೇವರನ್ನು ದೇವರಿಗಾಗಿ ಪ್ರೀತಿಸುವುದು ಮೂರನೆಯದು. ಭಕ್ತಿಗ್ರಂಥಗಳನ್ನು ಓದಿ ಪಳಗಿದ ವಾಚಕರು ಇಲ್ಲಿಗೆ ಮುಗಿಯಿತೆಂದು ಭಾವಿಸುವುದು ಸಹಜ. ಬರ್ನಾರ್ಡನಲ್ಲಿ ಮುಗಿಯುವುದಿಲ್ಲ. ನಾಲ್ಕನೆಯ ಮೆಟ್ಟಿಲಲ್ಲಿ ಮನುಷ್ಯನು ಮತ್ತೆ ತನ್ನನ್ನೇ ಪ್ರೀತಿಸುತ್ತಾನೆ, ಆದರೆ ಈಗ ದೇವರಿಗಾಗಿ. ಸ್ವಪ್ರೇಮವು ನಾಶವಾಗದೆ ಸುತ್ತಿ ಬಂದು ಕಡೆಯಲ್ಲಿ ನಿಲ್ಲುತ್ತದೆ. ಶುಲ್ಲರ್ ಅವರ ಹಂಬಲಕ್ಕೂ ವಿಟ್ಸ್ ಅವರ ಖಂಡನೆಗೂ ಇದರಲ್ಲಿ ಸ್ಥಾನವುಂಟು. ಮೊದಲನೆಯ ಮೆಟ್ಟಿಲನ್ನು ಆತನು ಪಾಪವೆಂದು ಜರೆಯದೆ, ನಿಸರ್ಗದಿಂದ ಬಂದ ದೌರ್ಬಲ್ಯವೆಂದು ಸೈರಣೆಯಿಂದ ನೋಡುವುದೂ ಗಮನಾರ್ಹ. ಹದಿನೆಂಟು ವರ್ಷದವರಿಗೆ ಪಾಠಹೇಳುವವರಿಗೆ ಆ ಸೈರಣೆಯು ಆತನ ಸಿದ್ಧಾಂತದಷ್ಟೇ ಉಪಯುಕ್ತವಾದುದು.

ಸ್ವಮೋಹವು ಹೆಚ್ಚಿತೆಂದು ಕೂಗಿ ಹೇಳಿದ ಟ್ವೆಂಗಿ ಅವರೇ ೨೦೧೭ರ ತಮ್ಮ ಗ್ರಂಥದಲ್ಲಿ ೧೯೯೫ರ ತರುವಾಯ ಹುಟ್ಟಿದವರನ್ನು ವರ್ಣಿಸುವಾಗ ಬೇರೊಂದು ಸ್ವರಕ್ಕೆ ತಿರುಗಿದರು. ಕೈಯಲ್ಲಿ ಸ್ಮಾರ್ಟ್‌ಫೋನನ್ನು ಹಿಡಿದು ಬೆಳೆದ ಇವರಲ್ಲಿ ಅವರು ಎತ್ತಿತೋರಿಸಿದುದು ಸ್ವಮೋಹವನ್ನಲ್ಲ, ಒಂಟಿತನವನ್ನೂ ಖಿನ್ನತೆಯನ್ನೂ ಅಭದ್ರತೆಯನ್ನೂ. ಫೋನೇ ಅದಕ್ಕೆ ಕಾರಣವೆಂಬ ಅವರ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಹತ್ತು ವರ್ಷಗಳ ಹಿಂದೆ ಪ್ರಸಂಗಪೀಠಗಳಲ್ಲಿ ಸಿದ್ಧವಾಗಿದ್ದ ಉಪದೇಶವು ಮಾತ್ರ ಈ ಹೊಸ ವರ್ಣನೆಗೆ ಹೊಂದಲಿಲ್ಲ. ತಮ್ಮ ಚಿತ್ರವನ್ನು ತಾವೇ ತೆಗೆದು, ತಾವೇ ತಿದ್ದಿ, ಎಷ್ಟು ಜನರು ಮೆಚ್ಚಿದರೆಂದು ಮತ್ತೆ ಮತ್ತೆ ನೋಡಿ ನಿದ್ದೆಗೆಡುವವರಿಗೆ ನೀವು ನಿಮ್ಮನ್ನು ಅತಿಯಾಗಿ ಮೆಚ್ಚಿಕೊಂಡಿದ್ದೀರಿ ಎಂದು ಹೇಳಿದರೆ ಅದು ಅರ್ಥವೇ ಆಗಲಾರದು. ಕಾಲೇಜಿನಲ್ಲಿ ಅವರ ಮುಂದೆ ನಿಲ್ಲುವ ಅಧ್ಯಾಪಕನು ಮನಶ್ಶಾಸ್ತ್ರಜ್ಞನೂ ಅಲ್ಲ, ಪಾದ್ರಿಯೂ ಅಲ್ಲ. ಬೆಲೆಕಟ್ಟುವುದೇ ಅವನ ವೃತ್ತಿ. ಉತ್ತರಪತ್ರಿಕೆಯ ಮೇಲೆ ಅವನು ನಲವತ್ತೆಂದೋ ಅರುವತ್ತೆಂದೋ ಬರೆಯಲೇಬೇಕು. ಆ ಅಂಕವು ಪತ್ರಿಕೆಗೆ ಸಂದುದು, ಬರೆದವನಿಗೆ ಸಂದುದಲ್ಲ ಎಂಬುದು ವಿದ್ಯಾರ್ಥಿಗೆ ತಿಳಿಯುವಂತೆ ನಡೆದುಕೊಳ್ಳುವುದು ಅವನಿಗೆ ಸಾಧ್ಯವಿದೆ. ಪತ್ರಿಕೆಯನ್ನು ಹಿಂದಿರುಗಿಸುವಾಗ ಹೆಸರು ಹಿಡಿದು ಕರೆದು, ಮೂರನೆಯ ಪ್ರಶ್ನೆಯಲ್ಲಿ ತಪ್ಪಿದುದೆಲ್ಲಿ ಎಂದು ಪಕ್ಕದಲ್ಲಿ ಕುಳಿತು ತೋರಿಸುವಷ್ಟು ಕಾಲ ಅವನಿಗೆ ಸಿಕ್ಕಿದರೆ.